ದಾರವಿಲ್ಲದ ಹಿಡಿಕೆ

ಆಟ ಶುರುಮಾಡುವ ಮುಂಚೆ ಹಿಡಿಕೆಯ ದಾರವನ್ನು ಕಿರುಬೆರಳಿಗೆ ಸುತ್ತಿ ಒಂದು ಸಲ ಮೆಲ್ಲಗೆ ಎಳೆದು ನೋಡುವುದು ಕೇತಕಿಯ ಅಭ್ಯಾಸ. ದಾರ ಬಿಗಿಯಾಗಿದ್ದರೆ ಆಡುತ್ತಿದ್ದಳು, ಸಡಿಲವಾಗಿದ್ದರೆ ಎದ್ದು ಹೋಗುತ್ತಿದ್ದಳು. ಯಾಕೆ ಎಂದು ಕೇಳಿದವರಿಗೆ ಉತ್ತರ ಕೊಡುತ್ತಿರಲಿಲ್ಲ. ಅವಳು ಉತ್ತರ ಕೊಡುತ್ತಿದ್ದ ಪ್ರಶ್ನೆಗಳೇ ಕಡಿಮೆ.

ಇದು ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ಆಚೆ ದರ್ಪಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಆಟದ ಕನ್ನಡಿ. ಕನ್ನಡಿಯೊಳಗೆ ಹೆಬ್ಬೆರಳ ಗಾತ್ರದ ಬೊಂಬೆಗಳು. ಚೌಕಟ್ಟಿನಿಂದ ಎರಡು ದಾರ, ದಾರದ ತುದಿಗೆ ಒಂದೊಂದು ಮರದ ಹಿಡಿಕೆ, ಹಿಡಿಕೆಯ ಮೇಲೆ ನಾಲ್ಕು ಗುಂಡಿ. ಗುಂಡಿ ಒತ್ತಿದರೆ ಬೊಂಬೆ ಓಡುತ್ತಿತ್ತು, ಹಾರುತ್ತಿತ್ತು. ಹಳ್ಳಕ್ಕೆ ಬಿದ್ದರೆ ಸಾಯುತ್ತಿತ್ತು, ಮತ್ತೆ ಹೊರಟಲ್ಲೇ ಎದ್ದು ನಿಲ್ಲುತ್ತಿತ್ತು. ಯಾರೂ ಹಿಡಿಯದ ಬೊಂಬೆಯನ್ನು ಕನ್ನಡಿ ತಾನೇ ಓಡಿಸುತ್ತಿತ್ತು.

ಕೇತಕಿಯ ಅವ್ವ ಈ ಹಿಡಿಕೆಗಳಿಗೆ ದಾರ ಹೊಸೆಯುವವಳು. ಇಡೀ ರಾಜ್ಯದ ಆಟ ಅವಳ ದಾರದ ಮೇಲೆ ನಿಂತಿತ್ತು. ಆದರೂ ಮಗಳು ಕನ್ನಡಿಯ ಮುಂದೆ ಕೂತರೆ ಸಾಕು, ಅವ್ವನ ಬಾಯಿ ಶುರುವಾಗುತ್ತಿತ್ತು.

“ಅಷ್ಟೆಲ್ಲ ಗುಹೆ ಹೊಕ್ಕು ಬರ್ತೀಯಲ್ಲ, ಅಡುಗೆಮನೆಗೆ ಬರೋ ದಾರೀನೂ ಅದರೊಳಗೆ ಎಲ್ಲಾದರೂ ಇದ್ದರೆ ನೋಡು.”

ಕೇತಕಿಗೆ ಆರು ವರ್ಷವಾಗಿದ್ದಾಗ ಅವಳ ಅಣ್ಣ ಮಾರ್ತಾಂಡ ಎರಡನೇ ಹಿಡಿಕೆಯನ್ನು ಅವಳ ಕೈಗಿಟ್ಟ. “ನೀಲಿ ಬೊಂಬೆ ನಂದು, ಕೆಂಪು ಬೊಂಬೆ ನಿಂದು” ಎಂದ. ಎರಡು ವರ್ಷ ಅವಳು ಕೆಂಪು ಬೊಂಬೆಯನ್ನು ಆಡಿಸಿದಳು. ಅದು ಗೆದ್ದಾಗ ಕುಣಿದಳು, ಬಿದ್ದಾಗ ಊಟ ಬಿಟ್ಟಳು. ಒಂದು ದಿನ ಕಾಲಿಗೆ ಇರುವೆ ಕಚ್ಚಿ ಹಿಡಿಕೆ ಕೈಜಾರಿತು. ಕೆಂಪು ಬೊಂಬೆ ಓಡುತ್ತಲೇ ಇತ್ತು.

“ಅಣ್ಣಾ, ನಾನು ಬಿಟ್ಟರೂ ಓಡ್ತಿದೆ.”

ಮಾರ್ತಾಂಡ ನಕ್ಕು ನಕ್ಕು ಗೋಡೆಗೆ ಒರಗಿದ. ಅವಳ ಹಿಡಿಕೆಯ ದಾರ ಚಾಪೆಯ ಕೆಳಗೆ ಹೋಗಿ ಅಲ್ಲೇ ಮುಗಿದಿತ್ತು. ಕನ್ನಡಿಗೆ ಕಟ್ಟಿರಲೇ ಇಲ್ಲ.

“ನೀನು ಅಳಬಾರದು ಅಂತ ಕೊಟ್ಟಿದ್ದೆ ಕಣೇ. ಎರಡು ವರ್ಷ ಸುಖವಾಗಿದ್ದೆಯಲ್ಲ?”

ಸುಖವಾಗಿದ್ದದ್ದು ನಿಜ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. ಅವತ್ತಿನಿಂದ ದಾರ ಎಳೆದು ನೋಡುವ ಅಭ್ಯಾಸ ಬಂತು.

ಆಟ ಮಾತ್ರ ಬಿಡಲಿಲ್ಲ. ಹನ್ನೆರಡಕ್ಕೂ ಆಡಿದಳು, ಇಪ್ಪತ್ತೆರಡಕ್ಕೂ ಆಡಿದಳು. ಅವಳಿಗೆ ನಾಲ್ಕು ಜನರ ಮುಂದೆ ಮಾತು ಹೊರಡುತ್ತಿರಲಿಲ್ಲ. ಹೊರಟ ಮಾತು ತಪ್ಪಾದರೆ ಅದು ತಪ್ಪಾಗಿಯೇ ಉಳಿಯುತ್ತಿತ್ತು, ಮೂರು ವರ್ಷದ ಮೇಲೂ ಯಾರೋ ಒಬ್ಬರು ಮದುವೆಮನೆಯಲ್ಲಿ ನೆನಪು ಮಾಡುತ್ತಿದ್ದರು. ಕನ್ನಡಿಯಲ್ಲಿ ನೂರು ಸಲ ಬಿದ್ದರೂ ನೂರಾ ಒಂದನೇ ಸಲಕ್ಕೆ ಹಳ್ಳ ಅದೇ ಹಳ್ಳ, ಅದಕ್ಕೆ ಹಳೆಯದೇನೂ ನೆನಪಿರುತ್ತಿರಲಿಲ್ಲ. ಅವಳು ಆಟವನ್ನು ಪ್ರೀತಿಸಿದ್ದು ಇದಕ್ಕೆ.

ಹೀಗಿರುವಾಗ ಬೆಟ್ಟದ ಮೇಲಿನ ಹಾಳು ಕೋಟೆಗೆ ತಿಮಿರಾಕ್ಷ ಎಂಬ ಮಾಂತ್ರಿಕ ಬಂದ. ಗೋಡೆಯಗಲದ ಕನ್ನಡಿಯೊಂದನ್ನು ತಂದು ನಿಲ್ಲಿಸಿ ಡಂಗುರ ಹೊಡೆಸಿದ.

“ನನ್ನ ಜೊತೆ ಮೂರು ಆಟ. ಮೂರರಲ್ಲಿ ಒಂದು ಗೆದ್ದರೂ ಸಾಕು, ಕನ್ನಡಿ ನಿಮ್ಮದು. ಮೂರೂ ಸೋತರೆ ನೀವು ಕನ್ನಡಿಯ ಒಳಗೆ. ನಾನು ಒಂದು ಸೋತರೂ ನಾನು ಒಳಗೆ, ಒಳಗಿದ್ದವರೆಲ್ಲ ಹೊರಗೆ. ಇದು ಕನ್ನಡಿಯ ಆಣೆ.”

ಮೂರರಲ್ಲಿ ಒಂದು ತಾನೆ ಎಂದು ಎಪ್ಪತ್ತೊಂದು ಜನ ಹೋದರು. ಎಪ್ಪತ್ತೊಂದು ಜನವೂ ಬೊಂಬೆಗಳಾದರು. ಎಪ್ಪತ್ತೆರಡನೆಯವನು ಮಾರ್ತಾಂಡ. ಅವನೂ ಮನೆಗೆ ಬರಲಿಲ್ಲ.

ಅವ್ವ ಮೂರು ದಿನ ದಾರ ಹೊಸೆಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕೇತಕಿ ಬುತ್ತಿ ಕಟ್ಟಿಕೊಂಡಳು.

“ನೀನೂನಾ?” ಎಂದಳು ಅವ್ವ.

“ನನಗೆ ಬರೋದು ಇದೊಂದೇ ಅವ್ವ.”

ಅವ್ವ ಬುತ್ತಿಗೆ ಇನ್ನೊಂದು ರೊಟ್ಟಿ ಸೇರಿಸಿದಳು. ಬೇಡ ಅನ್ನಲಿಲ್ಲ.

ಕೋಟೆಯ ಸಭೆಯಲ್ಲಿ ಜನ ತುಂಬಿದ್ದರು. ತಿಮಿರಾಕ್ಷ ಎತ್ತರದ ಪೀಠದ ಮೇಲೆ ಕೂತಿದ್ದ. ಕೇತಕಿಗೆ ಕೆಳಗೊಂದು ಮಣೆ, ಕೈಗೊಂದು ಹಿಡಿಕೆ. ಅವಳು ದಾರವನ್ನು ಕಿರುಬೆರಳಿಗೆ ಸುತ್ತಿ ಎಳೆದಳು. ಬಿಗಿಯಾಗಿತ್ತು. ಕನ್ನಡಿಯ ಪಕ್ಕದ ಪರದೆಯ ಹಿಂದೆ ಹೋಗಿತ್ತು. ಕನ್ನಡಿಯೊಳಗೆ ಸೇತುವೆಯ ಕೊನೆಯಲ್ಲಿ ಬಾವುಟ ಹಿಡಿದ ಬೊಂಬೆಯೊಂದು ಇವಳನ್ನು ನೋಡಿ ಹಣೆ ಚಚ್ಚಿಕೊಂಡಿತು. ಅದು ಮಾರ್ತಾಂಡ.

ಮೊದಲನೆಯದು ಸೇತುವೆಯ ಓಟ. ಹಲಗೆಗಳು ಒಂದೊಂದಾಗಿ ಮುರಿದು ಬೀಳುವ ಸೇತುವೆ. ಕೇತಕಿಯ ಕೆಂಪು ಬೊಂಬೆ ಚೆನ್ನಾಗಿಯೇ ಓಡಿತು. ಕೊನೆಯ ಹಲಗೆಯಲ್ಲಿ ಬೆರಳಗಲ ಹಿಂದೆ ಬಿತ್ತು. ಸೋತಳು.

“ಅಯ್ಯೋ, ಬೆರಳಗಲ” ಎಂದು ಜನ ಉಸಿರುಬಿಟ್ಟರು. ಪಕ್ಕದಲ್ಲಿ ನಿಂತಿದ್ದ ಮುದುಕನೊಬ್ಬ, “ಎಲ್ಲರೂ ಬೆರಳಗಲದಲ್ಲೇ ಸೋತಿದ್ದು ತಾಯಿ. ನಿಮ್ಮಣ್ಣನೂ ಅಷ್ಟೇ” ಎಂದ.

ಕೇತಕಿ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಎರಡನೆಯದು ಬಂಡೆಗಳು ಉರುಳುವ ಇಳಿಜಾರು. ಅರ್ಧ ದಾರಿಯಲ್ಲಿ ಅವಳಿಗೊಂದು ಕಾಣಿಸಿತು. ಬೊಂಬೆ ಹಾರಿದ ಮೇಲೆ ಅವಳ ಹೆಬ್ಬೆರಳು ಗುಂಡಿ ಒತ್ತುತ್ತಿತ್ತು. ಒಂದು ರೆಪ್ಪೆ ಬಡಿಯುವಷ್ಟು ತಡ, ಅಷ್ಟೇ. ಅವಳು ಎರಡೂ ಹೆಬ್ಬೆರಳುಗಳನ್ನು ಮೇಲೆತ್ತಿದಳು. ಕೆಂಪು ಬೊಂಬೆ ಓಡುತ್ತಲೇ ಇತ್ತು. ಬಂಡೆ ತಪ್ಪಿಸಿತು, ಹಳ್ಳ ದಾಟಿತು, ಕೊನೆಯಲ್ಲಿ ಬೆರಳಗಲ ಹಿಂದೆ ಬಿತ್ತು.

ಆರು ವರ್ಷದ ಕೇತಕಿಗೆ ಇದು ತಿಳಿಯಲು ಎರಡು ವರ್ಷ ಬೇಕಾಗಿತ್ತು. ಈಗ ಎರಡು ಆಟ ಸಾಕಾಯಿತು.

ಪರದೆಯ ಕೆಳಗೆ ಅವಳು ಕಣ್ಣು ಹಾಯಿಸಿದಳು. ಅವಳ ದಾರ ಗೋಡೆಯ ಮೊಳೆಯೊಂದಕ್ಕೆ ಸುತ್ತಿತ್ತು. ಅದರ ಪಕ್ಕ ಒಂದು ದಪ್ಪ ಬಾಲ, ಹುರುಪೆ ಹುರುಪೆ ಚರ್ಮ, ಉಗುರಿನ ಕಾಲು. ಮಂತ್ರ ಹಾಕಿಸಿಕೊಂಡ ಒಂದು ಉಡ ಅಲ್ಲಿ ಕೂತು ನಿಜವಾದ ಹಿಡಿಕೆಯನ್ನು ಹಿಡಿದಿತ್ತು. ಉಡದ ಪಟ್ಟು ಎಂಥದೆಂದು ಎಲ್ಲರಿಗೂ ಗೊತ್ತಲ್ಲ.

“ಏನಮ್ಮಾ, ಏನಾದರೂ ಹೇಳಬೇಕಾ?” ಎಂದ ತಿಮಿರಾಕ್ಷ. “ಹಿಡಿಕೆ ಸರಿಯಿಲ್ಲ ಅಂತಾನಾ? ನಿಮ್ಮಣ್ಣ ಹಾಗೇ ಅಂದ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ.”

ಜನ ನಕ್ಕರು. ಸೋತವರೆಲ್ಲ ಹೇಳುವುದು ಇದನ್ನೇ, ಕೇಳುವವರು ಯಾರೂ ಇಲ್ಲ. ಅಷ್ಟು ಜನರ ಮುಂದೆ ಕೂಗಿ ಪರದೆ ಎಳೆಯುವ ಧೈರ್ಯವೂ ಅವಳಿಗಿರಲಿಲ್ಲ. ಒಂದೇ ಆಟ ಉಳಿದಿತ್ತು. ಅದೂ ಹೋದರೆ ಅಣ್ಣನ ಪಕ್ಕ ಅವಳೂ ಬಾವುಟ ಹಿಡಿದು ನಿಲ್ಲಬೇಕು.

ಅವಳು ಬುತ್ತಿ ಬಿಚ್ಚುವ ನೆಪದಲ್ಲಿ ಪರದೆಯ ಹತ್ತಿರಕ್ಕೆ ಸರಿದು ಕೂತಳು. ರೊಟ್ಟಿ ಮುರಿಯುತ್ತಾ, ತನ್ನಷ್ಟಕ್ಕೆ ತಾನು ಅನ್ನುವ ಹಾಗೆ ಮಾತಾಡಿದಳು.

“ಎಪ್ಪತ್ತೆರಡು ಜನ. ಪ್ರತಿಯೊಬ್ಬರಿಗೂ ಮೂರು ಆಟ. ಪ್ರತಿ ಆಟದಲ್ಲೂ ಸರಿಯಾಗಿ ಬೆರಳಗಲಕ್ಕೆ ಸೋಲಬೇಕು. ನಾನು ಹದಿನಾರು ವರ್ಷದಿಂದ ಆಡ್ತಿದ್ದೀನಿ, ನನಗೆ ಅದು ಬರೋದಿಲ್ಲ. ಅಷ್ಟು ಚೆನ್ನಾಗಿ ಸೋಲೋಕೆ ಎಷ್ಟು ಚೆನ್ನಾಗಿ ಆಡೋಕೆ ಬರಬೇಕು.”

ಪರದೆಯ ಹಿಂದೆ ಬಾಲ ಅಲುಗಾಡುವುದು ನಿಂತಿತು.

“ಯಾರೂ ಹೇಳಿಲ್ಲ ಅಲ್ಲವಾ ನಿಮಗೆ?”

ಒಣ ಎಲೆಯಂಥ ದನಿ ಬಂತು. “ಇಲ್ಲ.”

“ಒಂದು ಸಲ ಗೆದ್ದು ನೋಡಬೇಕು ಅನ್ನಿಸಿಲ್ಲವಾ?”

ಉಡದ ಉಗುರು ನೆಲ ಕೆರೆದ ಸದ್ದಾಯಿತು. ಕೇತಕಿ ಅರ್ಧ ರೊಟ್ಟಿಯನ್ನು ಪರದೆಯ ಕೆಳಗೆ ತಳ್ಳಿ ಮಣೆಗೆ ಮರಳಿದಳು.

ಮೂರನೆಯದು ಸರ್ಪದ ಗುಹೆಯಿಂದ ದೀಪ ತರುವ ಆಟ. ಕೇತಕಿ ಹಿಡಿಕೆಯನ್ನು ತೊಡೆಯ ಮೇಲಿಟ್ಟು ಕೈಕಟ್ಟಿ ಕೂತಳು. ಕೆಂಪು ಬೊಂಬೆ ಹೊರಟಿತು. ಮೊದಲು ಎಂದಿನ ಹಾಗೇ ಓಡಿತು. ಸರ್ಪ ಹೆಡೆಯೆತ್ತಿದಾಗ ಮಾತ್ರ ಹಿಂದೆ ಸರಿಯದೆ ಹೆಡೆಯ ಮೇಲೆ ಕಾಲಿಟ್ಟಿತು. ಅಲ್ಲಿಂದ ಚಾವಣಿಯ ಕಲ್ಲಿಗೆ, ಕಲ್ಲಿನಿಂದ ಕಲ್ಲಿಗೆ. ಹಾಗೆ ಹೋಗಬಹುದೆಂದು ಹದಿನಾರು ವರ್ಷದಲ್ಲಿ ಕೇತಕಿಗೆ ಹೊಳೆದಿರಲಿಲ್ಲ. ಅಣ್ಣ, ಕೋಟೆ, ಜನ ಎಲ್ಲ ಮರೆತು ಅವಳು ಮುಂದೆ ಬಾಗಿ ನೋಡಿದಳು.

ತಿಮಿರಾಕ್ಷನ ನೀಲಿ ಬೊಂಬೆ ಇನ್ನೂ ಗುಹೆಯ ಬಾಗಿಲಲ್ಲಿತ್ತು. ಅವನು ಪೀಠದಿಂದ ಎದ್ದ. ಪರದೆಯ ಕಡೆ ತಿರುಗಿ, “ಸೋಲು! ಸೋಲೋ ಪಿಶಾಚಿ!” ಎಂದು ಕಿರುಚಿದ.

ಯಾರಿಗೆ ಹೇಳಿದ ಎಂದು ಎಲ್ಲರೂ ಪರದೆಯತ್ತ ನೋಡಿದರು. ಮುದುಕ ಹೋಗಿ ಪರದೆ ಸರಿಸಿದ. ಉಡ ತಲೆಯೆತ್ತಲಿಲ್ಲ, ಆಟ ಮುಗಿಸಿತು. ಕೆಂಪು ಬೊಂಬೆ ದೀಪ ಹಿಡಿದು ಹೊರಗೆ ಬಂತು.

ಕನ್ನಡಿ ಆಣೆಯನ್ನು ನಡೆಸಿತು. ತಿಮಿರಾಕ್ಷ ಹೆಬ್ಬೆರಳಷ್ಟಾಗಿ ಒಳಗೆ ಹೋದ. ಎಪ್ಪತ್ತೆರಡು ಜನ ಮೈಕೊಡವಿಕೊಂಡು ಹೊರಗೆ ಬಂದರು. ಉಡ ಯಾವುದೋ ದೇಶದ ರಾಜಕುಮಾರನಾಗಿ ಬದಲಾಗುತ್ತದೆಂದು ಜನ ಸ್ವಲ್ಪ ಹೊತ್ತು ಕಾದರು. ಅದು ಉಡವಾಗಿಯೇ ಇತ್ತು.

“ಗೆದ್ದರೆ ಹೀಗಿರುತ್ತಾ?” ಎಂದು ಅದು ಕೇತಕಿಯನ್ನು ಕೇಳಿತು.

“ಹೂಂ. ಇನ್ನೊಂದು ಸಲ ಆಡಬೇಕು ಅನ್ನಿಸ್ತಿದೆಯಾ?”

“ಅನ್ನಿಸ್ತಿದೆ.”

“ಅದು ವಾಸಿಯಾಗೋದಿಲ್ಲ” ಎಂದಳು ಕೇತಕಿ.

ಮುಂದೆ ದರ್ಪಣಾವತಿಯಲ್ಲಿ ಎಲ್ಲರೂ ನೆಮ್ಮದಿಯಾಗಿ ಬಾಳಿದರು. ಕೋಟೆಯ ಕನ್ನಡಿಯನ್ನು ಹೊತ್ತು ತಂದು ಕೇತಕಿಯ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದರು. ಊರ ಮಕ್ಕಳು ಬಂದು ತಿಮಿರಾಕ್ಷನನ್ನು ದಿನಕ್ಕೆ ಇಪ್ಪತ್ತು ಸಲ ಹಳ್ಳಕ್ಕೆ ಬೀಳಿಸಿದರು, ಅವನು ಇಪ್ಪತ್ತು ಸಲ ಎದ್ದು ನಿಂತ. ಅವ್ವ ಮೂರನೇ ದಾರ ಹೊಸೆದಳು. “ನನ್ನ ಮಗಳು ಆಡಿ ಆಡಿ ಹಾಳಾದಳು ಅಂತಿದ್ದರಲ್ಲ” ಎಂದು ನೆರೆಯವರಿಗೆ ಹೇಳುತ್ತಿದ್ದಳು. ಹಾಗೆ ಅಂದದ್ದು ಅವಳೇ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಒಂದು ಹಬ್ಬದ ಮಾರನೇ ದಿನ ಕೇತಕಿ, ಮಾರ್ತಾಂಡ, ಉಡ ಮೂವರೂ ಕನ್ನಡಿಯ ಮುಂದೆ ಕೂತರು. ಮೊದಲನೇ ಹಿಡಿಕೆ ಉಡದ ಪಾಲಿಗೆ ಹೋಗಿತ್ತು. ಎರಡನೆಯದು ಕೇತಕಿಯದು. ಮೂರನೆಯದನ್ನು ಅವಳು ಅಣ್ಣನ ಕೈಗಿಟ್ಟಳು.

“ಹಳದಿ ಬೊಂಬೆ ನಿಂದು” ಎಂದಳು.

ಮಾರ್ತಾಂಡ ಹುಮ್ಮಸ್ಸಿನಿಂದ ಗುಂಡಿಗಳ ಮೇಲೆ ಬೆರಳಿಟ್ಟ. ಆಮೇಲೆ ತನ್ನ ದಾರದ ಕಡೆ ನೋಡಿದ. ಅದು ಚಾಪೆಯ ಕೆಳಗೆ ಹೋಗಿತ್ತು. ಕಿರುಬೆರಳಿಗೆ ಸುತ್ತಿ ಎಳೆದ. ಬಿಗಿಯಾಗಿತ್ತು. ಮೊಳೆಗೆ ಸುತ್ತಿದ ದಾರವೂ ಬಿಗಿಯಾಗಿಯೇ ಇರುತ್ತದೆಂದು ಅವನಿಗೀಗ ಗೊತ್ತು.

ಉಡ ಕೆಮ್ಮಿತು. ಕೇತಕಿ ಕಣ್ಣನ್ನು ಕನ್ನಡಿಯಿಂದ ಕದಲಿಸದೆ ಆಟ ಶುರುಮಾಡಿದಳು. ಹಳದಿ ಬೊಂಬೆಯೂ ಓಡಿತು.

“ಕೇತಕಿ, ಸ್ವಲ್ಪ ಆ ಚಾಪೆ ಎತ್ತೇ. ದಾರ ಎಲ್ಲಿಗೆ ಕಟ್ಟಿದ್ದೀಯ, ಒಂದು ಸಲ ತೋರಿಸು.”