ಒರೆಸದೆ ಬಿಟ್ಟ ಗಾಜು

ಅವನು ಮಿಲ್ಲಿನ ಗೇಟು ದಾಟಿದ. ಎರಡು ಹೆಜ್ಜೆ ಇಟ್ಟ. ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

ಆಫೀಸಿನ ಕಿಟಕಿಯಿಂದ ಅದನ್ನು ಕಂಡ ಪುಷ್ಪಲತಾಳಿಗೆ ಮೈಯೆಲ್ಲ ಉರಿದುಹೋಯಿತು.

ಥೂ... ಇವನೂ ಮೂಗು ಮುಚ್ಚುವವನೇ!

ಶೇಂಗಾ ಎಣ್ಣೆಯ ಮಿಲ್ಲಿನಲ್ಲಿ ಶೇಂಗಾ ಎಣ್ಣೆಯ ವಾಸನೆ ಬಾರದೆ ಮಲ್ಲಿಗೆ ಘಮ ಬರುತ್ತದೆಯೇ? ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಅದೊಂದು ವಾಸನೆ ಎಂದೇ ಗೊತ್ತಿರಲಿಲ್ಲ, ಮೂರು ತಿಂಗಳ ಹಿಂದಿನವರೆಗೆ. ಆಗ ಅವಳನ್ನು ನೋಡಲು ಬಂದ ಹುಡುಗನ ತಾಯಿ, ಮೊಳಕಾಲ್ಮೂರು ರೇಷ್ಮೆ ಸೀರೆಯ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಎರಡು ತಟ್ಟೆ ಉಪ್ಪಿಟ್ಟು ಮುಗಿಸಿದ್ದಳು. ಹೋಗುವಾಗ, ಹುಡುಗಿ ಚೆನ್ನಾಗಿದ್ದಾಳೆ, ತಲೆಗೂದಲು ಮಾತ್ರ ಶೇಂಗಾ ಹಿಂಡಿ ನಾರುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದಳು.

ಹೆಸರಿನಲ್ಲೇ ಹೂವು, ಬಳ್ಳಿ ಎರಡನ್ನೂ ಇಟ್ಟುಕೊಂಡವಳಿಗೆ ಎಂಥ ಮಾತು...

ಅವ್ವ ಸೂರಮ್ಮ ಅತ್ತಳು. ಪುಷ್ಪಲತಾ ಅಳಲಿಲ್ಲ. ಅವಳಿಗೆ ಅಸಹ್ಯವಾಯಿತು. ಆ ಅಸಹ್ಯ ಇನ್ನೂ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ.

ಕರವಸ್ತ್ರದವನ ಹೆಸರು ಮಾರುತೇಶ. ಸೋಲಾರ್ ಕಂಪನಿಯವನು. ಅವಳೇ ಕರೆಸಿದ್ದಳು, ಬೇರೆ ದಾರಿಯಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಿಲ್ ಅವಳ ಕೈಗೆ ಬಂದಿತ್ತು, ಬಂದದ್ದರಲ್ಲಿ ಮುಕ್ಕಾಲು ಪಾಲನ್ನು ಕರೆಂಟ್ ಬಿಲ್ಲೇ ತಿನ್ನುತ್ತಿತ್ತು. ಚಾವಣಿಯ ಮೇಲೆ ಪ್ಯಾನೆಲ್ ಹಾಕಿಸಲು ಬ್ಯಾಂಕು ಸಾಲ ಕೊಡಲು ತಯಾರಿತ್ತು. ಆದರೆ ಬಿಲ್ಲಿನಲ್ಲಿ ಉಳಿಯುವುದು ಸಾಲದ ಕಂತಿಗಿಂತ ಕಡಿಮೆಯಾದರೆ ಮಿಲ್ಲನ್ನೇ ಮಾರಬೇಕು. ಎಲ್ಲವೂ ಒಂದು ಅಂದಾಜಿನ ಮೇಲೆ ನಿಂತಿತ್ತು.

ಹಿಂದೆ ಬಂದ ಇಬ್ಬರು ಏಜೆಂಟರು ಚಾವಣಿಯ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ. ಬಿಲ್ ಸೊನ್ನೆ ಬರುತ್ತದೆ ಮೇಡಂ ಎಂದು ಹಲ್ಲು ಕಿರಿದು, ಚಹಾ ಕುಡಿದು ಹೋಗಿದ್ದರು. ಆ ನಗೆಯನ್ನು ನೆನೆದರೂ ಅವಳಿಗೆ ವಾಕರಿಕೆ ಬರುತ್ತಿತ್ತು.

ಇವನು ನಗಲಿಲ್ಲ. ಒಂದು ವರ್ಷದ ಬಿಲ್ಲುಗಳನ್ನು ಕೇಳಿದ. ಯಾವ ತಿಂಗಳು ಯಂತ್ರ ಭರ್ತಿ ಓಡುತ್ತದೆ, ಯಾವ ತಿಂಗಳು ಅರ್ಧ ಎಂದು ಬರೆದುಕೊಂಡ. ಅಮಾವಾಸ್ಯೆಗೆ ಮಿಲ್ ರಜೆಯೇ ಎಂದೂ ಕೇಳಿದ. ಅವಳು ಒಂದೊಂದೇ ಪದದಲ್ಲಿ ಉತ್ತರ ಎಸೆದಳು. ಆಮೇಲೆ ಅವನು ಏಣಿ ಹತ್ತಿ ಚಾವಣಿಗೆ ಹೋದ. ಇಳಿದು ಬಂದವನು ಎರಡು ಗಾಜಿನ ತುಂಡು ಬೇಕು ಎಂದ.

"ಗಾಜು ಯಾಕೆ?"

"ಚಾವಣಿ ಮ್ಯಾಲಿಟ್ಟು ಒಂದನ್ನ ದಿನಾ ಒರೆಸ್ತೀನ್ರಿ. ಇನ್ನೊಂದನ್ನ ಹಂಗೇ ಬಿಡ್ತೀನಿ. ಹದಿನೈದು ದಿನ ನೋಡ್ಬೇಕು."

ಓಹೋ... ನಮ್ಮ ಮಿಲ್ ಎಷ್ಟು ಗಲೀಜು ಎಂದು ಅಳೆಯುತ್ತಾನಂತೆ! ಅವನ ಮೂಗಿಗೆ ಸಾಕ್ಷಿ ಬೇರೆ ಬೇಕಾಗಿದೆ.

ದಿನವೂ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ. ಕೈಯಲ್ಲಿ ಅದೇ ಕರವಸ್ತ್ರ. ಅದನ್ನು ಕಂಡಾಕ್ಷಣ ಅವಳು ಮುಖ ತಿರುಗಿಸುತ್ತಿದ್ದಳು. ಯಂತ್ರ ನೋಡಿಕೊಳ್ಳುವ ಪಾತಣ್ಣ, ಹುಡುಗ ಒಳ್ಳೆಯವನು ಕಣವ್ವ ಎಂದರೆ ಅವನ ಮೇಲೂ ಸಿಡುಕುತ್ತಿದ್ದಳು. ಆರನೆಯ ದಿನ ಅವನು ತಡವಾಗಿ ಬಂದ. ಅಷ್ಟರಲ್ಲಿ ಅವಳ ಕಣ್ಣು ನಾಲ್ಕು ಸಲ ಗೇಟಿನ ಕಡೆ ಹೋಗಿತ್ತು. ತನ್ನ ಕಣ್ಣಿನ ಮೇಲೆ ತನಗೇ ಹೇಸಿಗೆಯಾಯಿತು.

ಹತ್ತನೆಯ ದಿನ ಅವನು ನಲ್ಲಿಯ ಬಳಿ ಕೂತಿದ್ದ. ಸೋಪು ಹಚ್ಚಿ ಹಚ್ಚಿ ಬೆರಳು ತೊಳೆಯುತ್ತಿದ್ದ, ಮೂಸುತ್ತಿದ್ದ, ಮತ್ತೆ ತೊಳೆಯುತ್ತಿದ್ದ. ಇದ್ದಕ್ಕಿದ್ದಂತೆ ಬಗ್ಗಿ ವಾಂತಿ ಮಾಡಿಕೊಂಡ.

ಮೂರು ತಿಂಗಳಿಂದ ತುಂಬಿಕೊಂಡಿದ್ದೆಲ್ಲ ಅವಳ ಬಾಯಿಗೆ ಬಂತು.

"ಅಷ್ಟು ಅಸಹ್ಯನೇನ್ರಿ ನಾವು? ನಾಳೆಯಿಂದ ಈ ಕಡೆ ತಲೆ ಹಾಕಬ್ಯಾಡ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಯಂತ್ರದ ಸದ್ದಿನಲ್ಲಿ ಕೇಳಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಟುಹೋದ.

ಅವನ ಗಾಜುಗಳನ್ನು ತಿಪ್ಪೆಗೆ ಎಸೆಯಬೇಕೆಂದು ಅವಳೇ ಏಣಿ ಹತ್ತಿದಳು.

ಹತ್ತಿದವಳು ಅಲ್ಲೇ ನಿಂತಳು.

ಒಂದು ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದ್ದು ಗಾಜೆಂದೇ ಗೊತ್ತಾಗುತ್ತಿರಲಿಲ್ಲ. ಹೊಟ್ಟಿನ ದೂಳು ಎಣ್ಣೆಯ ಆವಿಗೆ ಅಂಟಿ ಕಂದು ಬಣ್ಣದ ಜಿಡ್ಡಾಗಿತ್ತು. ಬೆರಳಿಟ್ಟು ನೋಡಿದಳು. ಬೆರಳು ಅಂಟಿಕೊಂಡಿತು, ಮೂಸಿದಳು. ಹುಟ್ಟಿದಾಗಿನಿಂದ ಉಸಿರಾಡಿದ ಗಾಳಿ ಅವಳಿಗೇ ಹೇಸಿಗೆ ಹುಟ್ಟಿಸಿತು.

ಇಂಥದ್ದರ ಕೆಳಗಿದ್ದರೆ ಪ್ಯಾನೆಲ್ಲಿಗೆ ಬಿಸಿಲು ಕಾಣುವುದಾದರೂ ಹೇಗೆ? ಬಿಲ್ ಸೊನ್ನೆಯಂತೆ... ನಂಬಿ ಸಹಿ ಹಾಕಿದ್ದರೆ ಒಂದೇ ವರ್ಷದಲ್ಲಿ ಮಿಲ್ ಹೋಗುತ್ತಿತ್ತು.

ಪಕ್ಕದ ಪೈಪಿಗೆ ಅವನ ಕರವಸ್ತ್ರ ಕಟ್ಟಿತ್ತು. ಕಪ್ಪಗೆ, ಮೇಣ ಹಚ್ಚಿದಂತೆ ಬಿರುಸಾಗಿತ್ತು. ಎರಡನೆಯ ದಿನದಿಂದ ಅದು ಮೂಗಿಗೆ ಹೋಗಿರಲೇ ಇಲ್ಲ. ಅದರಲ್ಲೇ ಅವನು ಗಾಜು ಒರೆಸಿದ್ದ. ದಿನವೂ ನೋಡುತ್ತಿದ್ದೆ ಎಂದುಕೊಂಡಿದ್ದ ಅವಳು ಏನನ್ನೂ ನೋಡಿರಲಿಲ್ಲ.

ಮರುದಿನದಿಂದ ಏಳು ಗಂಟೆಗೆ ಅವಳೇ ಏಣಿ ಹತ್ತಿದಳು. ಒಂದು ಗಾಜು ಒರೆಸಿದಳು, ಇನ್ನೊಂದನ್ನು ಹಾಗೇ ಬಿಟ್ಟಳು. ಫೋನ್ ಮಾಡಲು ಮಾತ್ರ ನಾಚಿಕೆಯಾಯಿತು.

ಹದಿನೈದನೆಯ ದಿನ ಅಮಾವಾಸ್ಯೆ. ಮಿಲ್ಲಿಗೆ ರಜೆ. ಗೇಟು ತೆರೆದ ಸದ್ದಾಯಿತು.

ಮಾರುತೇಶ ಬಂದಿದ್ದ. ಕೈಯಲ್ಲಿ ಒಂದೇ ಹಾಳೆ. ಚಾವಣಿಯ ಮೇಲೆ ಅವಳನ್ನು ಕಂಡು ಬೆರಗಾದ. ಮೇಲೆ ಬಂದು ಎರಡೂ ಗಾಜು ನೋಡಿದ. ಯಾರು ಒರೆಸಿದ್ದೆಂದು ಕೇಳಲಿಲ್ಲ.

ಹಾಳೆ ಕೊಟ್ಟು ವಿವರಿಸಿದ. ಅವನ ಕಂಪನಿ ನಲವತ್ತು ಪ್ಯಾನೆಲ್ ಹೇಳಿತ್ತು, ಬಿಲ್ಲಿನಲ್ಲಿ ನೂರಕ್ಕೆ ಎಂಬತ್ತು ಉಳಿಯುತ್ತದೆ ಎಂದು ಬರೆದಿತ್ತು. ಅದರಲ್ಲಿ ಜಿಡ್ಡಿನ ಲೆಕ್ಕವಿರಲಿಲ್ಲ. ಯಂತ್ರ ಅರ್ಧ ಓಡುವ ತಿಂಗಳುಗಳಿರಲಿಲ್ಲ, ಅಮಾವಾಸ್ಯೆಯಿರಲಿಲ್ಲ. ಕರೆಂಟ್ ಬಳಸಲಿ ಬಿಡಲಿ ಕಟ್ಟಲೇಬೇಕಾದ ನಿಗದಿತ ಶುಲ್ಕವೂ ಇರಲಿಲ್ಲ. ಎಲ್ಲ ಸೇರಿಸಿದರೆ ಉಳಿಯುವುದು ಕಂತಿಗೇ ಸಾಲದು. ದೂಳು ಕಡಿಮೆ ಬೀಳುವ ಗೋದಾಮಿನ ಚಾವಣಿಗೆ ಹದಿನೆಂಟೇ ಪ್ಯಾನೆಲ್ ಹಾಕಿಸಿದರೆ ನೂರಕ್ಕೆ ಮೂವತ್ತು ಉಳಿಯುತ್ತದೆ. ಕಂತು ಕಳೆದು ಸ್ವಲ್ಪ ಕೈಯಲ್ಲೂ ಉಳಿಯುತ್ತದೆ.

ದೊಡ್ಡ ಆರ್ಡರ್ ಹಾಳು ಮಾಡಿದೆ ಎಂದು ಕಂಪನಿಯವರು ಬಾಯಿಗೆ ಬಂದಂತೆ ಬೈದಿದ್ದರಂತೆ. ಅದನ್ನು ಅವನು ಬೇರೆ ಯಾರದೋ ಸುದ್ದಿಯಂತೆ ಹೇಳಿದ.

ಅವಳು ಹಾಳೆಯನ್ನು ಎರಡು ಸಲ ಓದಿದಳು. ಮಿಲ್ ಉಳಿಯಿತು.

"ಅವತ್ತು... ವಾಂತಿ?"

ಅವನು ದೂರ ನೋಡಿದ.

"ನಮ್ಮವ್ವ ಮೊಳಕಾಲ್ಮೂರಲ್ಲಿ ರೇಷ್ಮೆ ಗೂಡು ಬೇಯ್ಸೋಕೆ ಹೋಗ್ತಿದ್ಲು. ಸತ್ತ ಹುಳದ ವಾಸ್ನೆ ಅವಳ ಸೀರೇಲಿ, ಕೈಯಾಗೆ, ಕಟ್ಟಿಕೊಟ್ಟ ಬುತ್ತೀಲಿ. ನಾನು ಮೂಗು ಮುಚ್ಕೊಂಡು ದೂರ ಕೂತು ಉಣ್ತಿದ್ದೆ. ಈಗ ಅವಳಿಲ್ಲ. ಅವತ್ತು ಆ ಜಿಡ್ಡು ಬೆರಳಿಗೆ ಅಂಟಿದಾಗ ಅದೇ ನೆನಪಾತು. ಅಸಹ್ಯ ಆಗಿದ್ದು ನನ್ ಮ್ಯಾಲೆ ನನಗೆ ಕಣ್ರಿ."

ಪುಷ್ಪಲತಾಳಿಗೆ ಹುಡುಗನ ತಾಯಿಯ ಆ ಮೊಳಕಾಲ್ಮೂರು ಸೆರಗು ನೆನಪಾಯಿತು. ಯಾರ ಮೂಗು ಮುಚ್ಚಿದ ರೇಷ್ಮೆ, ಎಲ್ಲಿ ಬೆಂದು ಬಂದದ್ದು! ನಗು ಬಂತು, ಹಿಂದೆಯೇ ಕಣ್ಣೀರೂ ಬಂತು. ಗಂಟಲಿನಲ್ಲಿ ಸಿಕ್ಕಿಕೊಂಡಿದ್ದುದು ಆಗ ಇಳಿಯಿತು.

"ನಮ್ ವಾಸ್ನೆ?" ಎಂದಳು.

"ಮೊದಲ್ನೇ ದಿನ ಆಗಿಬರ್ಲಿಲ್ಲ, ಸುಳ್ಳು ಹೇಳಲ್ಲ. ಈ ಐದು ದಿನ ಅದಿಲ್ದೆ ಬೆಳಗಾದಂಗೆ ಅನ್ಸಲಿಲ್ಲ. ಇನ್ನೊಂದು ಮಾತೈತೆ..."

"ಇವತ್ತು ಅಮಾಸೆ. ಒಳ್ಳೆ ಮಾತು ಆಡಬಾರ್ದು ಅಂತಾಳೆ ನಮ್ಮವ್ವ."

"ಹಂಗಾರೆ ನಾಳೆ ಹೇಳ್ತೀನಿ."

"ನಾಳೆ ಮಿಲ್ ಸದ್ದಿಗೆ ಕೇಳಲ್ಲ. ಇವತ್ತೇ ಹೇಳ್ರಿ."

ಅವನು ಪೈಪಿಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದ.

"ಪ್ಯಾನೆಲ್ ದಿನಾ ಒರೆಸೋಕೆ ಒಬ್ರು ಬೇಕಾಗ್ತಾರೆ. ನಾನೇ ಬರ್ಲಾ?"

"ಎಷ್ಟು ದಿನ?"

"ಅವು ಇಪ್ಪತ್ತೈದು ವರ್ಷ ಬರ್ತವೆ."

"ಆಮೇಲೆ?"

"ಆಮೇಲೆ ಇಬ್ರೂ ಸೇರಿ ಹೊಸವು ಹಾಕ್ಸೋಣ."