ಸಂಜೆ ಕೆಳಗಿಳಿಯುವ ಹವಳ

"ಕೈ ಹಾಕ್ಬೇಡಿ!"

ಬಾಗಿಲಲ್ಲಿ ನಿಂತ ಅವಳ ಮೊದಲ ಮಾತೇ ಅದು. ಗಾಜಿನ ಟ್ಯಾಂಕಿನ ಮೇಲೆ ಬಾಗಿದ್ದವನ ಕೈ ನೀರಿನಿಂದ ಗೇಣು ದೂರದಲ್ಲೇ ನಿಂತಿತು.

"ನೋಡೋಕೆ ತಾನೇ ಕರೆಸಿದ್ದು?" ಅವನು ಮೆಲ್ಲಗೆ ಕೇಳಿದ.

"ನೋಡಿ. ಮುಟ್ಬೇಡಿ. ಅದು ನನ್ನ ಗಂಡ ಇಟ್ಟಿದ್ದು."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಸಮುದ್ರದ ಮೀನು, ಹವಳ ಮಾರುವ ಅಂಗಡಿಯವನು. ಬೀದಿಯವರೆಲ್ಲ ಅವನನ್ನು ಕರೆಯುವುದು ಉಪ್ಪುನೀರು ಅಂತ. ಅವಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕಂಡವರ ಬಾಯಿಗೆಲ್ಲ ಹಲ್ಲು ಕಟ್ಟಿಕೊಡುವವಳು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಆಫೀಸಿಗೆ ಹೋದ ಗಂಡ ದಾರಿಯಲ್ಲೇ ತೀರಿಹೋದ. ಹಿಂದಿನ ದಿನವಷ್ಟೇ ಟ್ಯಾಂಕಿನ ಕೆಳಮೂಲೆಯ ಕಲ್ಲಿನ ಮೇಲೆ ಕಿರುಬೆರಳಿನಷ್ಟು ಹಸಿರು ಹವಳದ ಕವಲೊಂದನ್ನು ಇಟ್ಟಿದ್ದ.

ಅದು ಇವತ್ತಿಗೂ ಕಿರುಬೆರಳಿನಷ್ಟೇ ಇದೆ... ಉಳಿದ ಹವಳಗಳು ಬೆಳೆಯುತ್ತಿವೆ. ಇದೊಂದು ಮಾತ್ರ ಹಟ ಹಿಡಿದು ಕೂತಿದೆ.

ಅವನು ನೀರು ಪರೀಕ್ಷಿಸಿದ. "ಉಪ್ಪು ಸರಿ ಇದೆ, ಕ್ಯಾಲ್ಸಿಯಂ ಸರಿ ಇದೆ. ಆ ಮೂಲೆಗೆ ಬೆಳಕು ಸಾಲದು. ಮೇಲಿನ ಕಲ್ಲಿಗೆ ಇಡ್ಬೇಕು. ನೀವೇ ಇಡಿ, ನಾನು ಮುಟ್ಟಲ್ಲ."

ಆ ಕೊನೆಯ ಮಾತಿಗೇ ಇರಬೇಕು, ಅವಳಿಗೆ ಅವನ ಮೇಲೆ ನಂಬಿಕೆ ಬಂದದ್ದು.

ಮರುದಿನ ಬೆಳಗ್ಗೆ, ಲ್ಯಾಬಿನ ಅಚ್ಚಿನ ಪುಡಿ ತಾಗಿ ಒಡೆದ ಕೈ ಉಪ್ಪಿಗೆ ಉರಿಯುತ್ತದೆಂದು, ಉದ್ದನೆಯ ಇಕ್ಕಳದಿಂದ ಹವಳವನ್ನೆತ್ತಿ ಮೇಲಿನ ಕಲ್ಲಿನ ಮೇಲಿಟ್ಟು ಕೆಲಸಕ್ಕೆ ಹೋದಳು.

ಸಂಜೆ ಬಂದು ನೋಡಿದರೆ... ಹವಳ ಮತ್ತೆ ಕೆಳಮೂಲೆಯಲ್ಲಿ!

ಟ್ಯಾಂಕಿನ ಮುಂದೆ ನೆಲದ ಮೇಲೆ ನಾಲ್ಕಾರು ಹನಿ ನೀರು. ಗಂಡ ಇಟ್ಟುಹೋದ ಟೈಮರ್ ತನ್ನ ಪಾಡಿಗೆ ನೀಲಿ ದೀಪ ಹೊತ್ತಿಸಿತು.

ಮನೆಯಲ್ಲಿದ್ದವರು ಇನ್ನೊಬ್ಬರೇ, ಅತ್ತೆ. ಅವರೋ, ಮಗ ಹೋದ ಮೇಲೆ ಆ ಕೋಣೆಗೆ ಕಾಲಿಟ್ಟವರೇ ಅಲ್ಲ. 'ಆ ನೀಲಿ ಬೆಳಕು ನನ್ನ ಕೈಲಿ ನೋಡೋಕಾಗಲ್ಲ ಕಣಮ್ಮ' ಅಂದಿದ್ದರು.

ಹಾಗಾದರೆ ಯಾರು?

ಉತ್ತರ ಅವಳಿಗೆ ಗೊತ್ತಿತ್ತು. ಭಯವಾಗಲಿಲ್ಲ. ಗಾಜಿಗೆ ಹಣೆಯಿಟ್ಟು ಬಹಳ ಹೊತ್ತು ನಿಂತಳು. 'ಇದ್ದೀರಾ?' ಎಂದು ಗಂಡನನ್ನು ಮನಸ್ಸಿನಲ್ಲೇ ಕೇಳಿದಳು.

ಅಂದಿನಿಂದ ಅದೇ ಆಯಿತು. ಬೆಳಗ್ಗೆ ಅವಳು ಮೇಲಿಡುವುದು, ಸಂಜೆಯೊಳಗೆ ಹವಳ ಕೆಳಗಿಳಿಯುವುದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರು ಬರುವುದು ನಿಂತುಬಿಟ್ಟರೆ?

ಉಪ್ಪುನೀರು ವಾರಕ್ಕೊಮ್ಮೆ ಬಂದು, ಅವಳು ಆಗಷ್ಟೇ ಮತ್ತೆ ಮೇಲೆತ್ತಿಟ್ಟ ಹವಳ ನೋಡಿ ತಲೆ ಕೆರೆದುಕೊಂಡ. ದೀಪ ಬದಲಿಸಿದ, ನೀರು ತಿರುಗಿಸುವ ಪಂಪ್ ಸರಿಸಿದ. ಹವಳ ಜಗ್ಗಲಿಲ್ಲ. "ನನ್ನ ವಿದ್ಯೆಗೇ ಅವಮಾನ ಮಾಡ್ತಿದೆ ಇದು," ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಎಷ್ಟೋ ಕಾಲದ ಮೇಲೆ ನಗುತ್ತಿದ್ದಳು. ಅವನು ಬರುವ ದಿನ ಲ್ಯಾಬಿನಿಂದ ಬೇಗ ಹೊರಡುವುದು, ಕನ್ನಡಿ ನೋಡಿಕೊಳ್ಳುವುದು... ಇವೆಲ್ಲ ತನಗೇ ಗೊತ್ತಿಲ್ಲದಂತೆ ನಟಿಸಿದಳು ಪಾಪ.

ಒಂದು ದಿನ ಅವನು ಹೊರಡುವಾಗ ಕೇಳಿಯೇಬಿಟ್ಟ. "ಹವಳ ಬೆಳೆದ ಮೇಲೂ ನಾನು ಬರಬಹುದಾ?"

ಮರುದಿನ ಬೆಳಗ್ಗೆ ಇಕ್ಕಳ ಹಿಡಿದು ಗಂಡನನ್ನೇ ಕೇಳಿದಳು. 'ಹೇಳಿ, ನಾನು ಹೂಂ ಅನ್ಲಾ?'

ಸಂಜೆ ಹವಳ ಕೆಳಗಿತ್ತು.

ಬೇಡ. ಅವರು ಬೇಡ ಅನ್ನುತ್ತಿದ್ದಾರೆ. ದಿನವೂ ಕೇಳಿದಳು, ದಿನವೂ ಅದೇ ಉತ್ತರ. ಅವಳು ಊಟ ಬಿಟ್ಟು ಬಡವಾದಳು.

ಮುಂದಿನ ಸಲ ಅವನು ಅನುಮತಿ ಕೇಳಿ, ಮೊದಲ ಬಾರಿಗೆ ಆ ಹವಳವನ್ನು ನೀರಿನಲ್ಲೇ ತಿರುಗಿಸಿ ಅದರ ಬುಡ ನೋಡಿದ.

"ಇಲ್ನೋಡಿ. ಕಲ್ಲಿಗೆ ಅಂಟಿಕೊಳ್ಳೋಕೆ ತೆಳ್ಳಗೆ ಚರ್ಮ ಹರಡುತ್ತೆ. ಇದು ಎಷ್ಟು ಸಲ ಹರಡಿದೆಯೋ ಅಷ್ಟು ಸಲ ಹರಿದಿದೆ. ಯಾರೋ ದಿನಾ ಕಿತ್ತು ಕಿತ್ತು ಇಡ್ತಿದ್ದಾರೆ. ಕೂತ ಕಡೆ ಕೂರೋಕೆ ಬಿಡದೆ ಇದ್ರೆ ಹೇಗೆ ಬೆಳೆಯುತ್ತೆ?" ಅವನ ಮುಖದಲ್ಲಿ ಅರ್ಧ ತುಂಟತನ, ಅರ್ಧ ಆಸೆ. "ನೀವೇನಾ? ನಾನು ಬರ್ತಾ ಇರ್ಲಿ ಅಂತಾನಾ?"

ಅವಳ ಮುಖ ಕೆಂಪೇರಿತು. ಪೂರ್ತಿ ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

"ನಿಮಗೋಸ್ಕರ ನನ್ನ ಗಂಡನ ಹವಳ ಸಾಯಿಸ್ತೀನಾ ನಾನು? ಹೋಗಿ. ಇನ್ಮೇಲೆ ಬರ್ಬೇಡಿ."

"ನಾನು ತಮಾಷೆಗೆ..."

"ಹೋಗಿ."

ಅವನು ಕೈ ಒರೆಸಿಕೊಂಡು ಹೊರಟುಹೋದ.

ಆದರೆ ಅವನ ಮಾತು ಹೋಗಲಿಲ್ಲ. ಮೇಲೆತ್ತುವುದು ತಾನು, ಸರಿ. ಕೆಳಗಿಳಿಸುವಾಗಲೂ ಚರ್ಮ ಹರಿದಿದೆ. ಪ್ರೀತಿಯಿಂದ ನೆಟ್ಟವರು ಹಾಗೆ ಹರಿಯುತ್ತಾರಾ? ಅಷ್ಟಕ್ಕೂ ತೀರಿಹೋದವರ ಕೈಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತದಾ?

ಮರುದಿನ ಮಧ್ಯಾಹ್ನವೇ ರಜೆ ಹಾಕಿ ಬಂದಳು. ಚಪ್ಪಲಿ ಹೊರಗೇ ಬಿಟ್ಟು ಒಳಗೆ ನಡೆದಳು.

ಟ್ಯಾಂಕಿನ ಮುಂದೆ ಸ್ಟೂಲು. ಸ್ಟೂಲಿನ ಮೇಲೆ, ಮಂಡಿನೋವಿನ ಅತ್ತೆ. ಮೊಣಕೈವರೆಗೆ ನೀರಲ್ಲಿ.

"ಅತ್ತೆ..."

ಅತ್ತೆ ತಿರುಗಿದರು. ಕದ್ದು ಸಿಕ್ಕಿಬಿದ್ದ ಮುಖವಲ್ಲ ಅದು. ಹೊಳೆಯುತ್ತಿತ್ತು.

"ಬಾಗಿಲು ಹಾಕು, ಮೆಲ್ಲಗೆ ಮಾತಾಡು," ಪಿಸುಗುಟ್ಟಿದರು. "ನಿನಗೆ ಹೇಳಿದ್ರೆ ಹೆದರ್ತೀಯ ಅಂತ ಸುಮ್ನಿದ್ದೆ ಕಣೆ. ಅವನು ಬರ್ತಾನೆ. ಒಂದಿನ ಧೈರ್ಯ ಮಾಡಿ ಇಣುಕಿದೆ, ಅವನು ನನ್ನ ಕಣ್ಮುಂದೆ ಕೆಳಗಿಟ್ಟಿದ್ದು ಮೇಲಿತ್ತು. ದಿನಾ ಮೇಲಿಟ್ಟು ಹೋಗ್ತಾನೆ. ಟವೆಲ್ಲು, ಚಪ್ಪಲಿ ಎಲ್ಲೆಲ್ಲೋ ಎಸೆದು ಹೋಗ್ತಿದ್ನಲ್ಲ, ಹಾಗೇ. ನಾನು ಎತ್ತಿ ಅದರ ಜಾಗಕ್ಕೆ ಇಡ್ತೀನಿ. ನಾಳೆ ಮತ್ತೆ ಮೇಲಿಟ್ಟಿರ್ತಾನೆ, ಪೋಲಿ."

ಅವಳು ಬಾಗಿಲು ಹಾಕಿದಳು.

ಸುಮ್ಮನಿದ್ದುಬಿಡಬಹುದು. ಅತ್ತೆಗೆ ಮಗ ಉಳಿಯುತ್ತಾನೆ. ಹೇಳಿದರೆ ಇಬ್ಬರ ಪಾಲಿಗೂ ಅವರು ಎರಡನೇ ಸಲ ಸಾಯುತ್ತಾರೆ. ಆದರೆ ಹೇಳದಿದ್ದರೆ, ಈ ಮುದುಕಿ ಇಲ್ಲದ ಮಗನಿಗಾಗಿ ದಿನವೂ ಸ್ಟೂಲು ಹತ್ತುತ್ತಲೇ ಇರುತ್ತಾಳೆ, ನಾನು ದಿನವೂ ಬಾರದ ಉತ್ತರಕ್ಕೆ ಕಾಯುತ್ತಲೇ ಇರುತ್ತೇನೆ.

"ಅತ್ತೆ... ಮೇಲಿಡ್ತಿದ್ದದ್ದು ನಾನು."

"ನೀನಾ? ನಿನ್ನ ಕೈ ಉರಿಯುತ್ತಲ್ಲ..."

"ಇಕ್ಕಳದಲ್ಲಿ."

ಅತ್ತೆಯ ಕೈ ನೀರಿನಲ್ಲೇ ನಿಂತಿತು.

"ಹಾಗಾದ್ರೆ ಅವನು..."

"ಇಲ್ಲ ಅತ್ತೆ."

ಸ್ಟೂಲಿನಿಂದ ಅವರನ್ನು ತಬ್ಬಿಯೇ ಇಳಿಸಿದಳು. ಇಬ್ಬರೂ ಒದ್ದೆ ನೆಲದ ಮೇಲೆ ಕೂತು ಅತ್ತರು. ಎರಡು ವರ್ಷದಲ್ಲಿ ಅವರು ಒಟ್ಟಿಗೆ ಅತ್ತಿರಲೇ ಇಲ್ಲ. ಒಬ್ಬರಿಗೆ ಕಾಣದಂತೆ ಇನ್ನೊಬ್ಬರು ಅತ್ತದ್ದೇ ಬಂತು.

ಅತ್ತೆ ಕಣ್ಣೊರೆಸಿಕೊಂಡು ಕೇಳಿದರು. "ಇದು ಕೆಳಗಿದ್ದಾಗ ನೀನೇನು ಅಂದ್ಕೊಳ್ತಿದ್ದೆ?"

"ಅವರು... ಬೇಡ ಅಂತಿದ್ದಾರೆ ಅಂತ."

"ಏನು ಬೇಡ?"

ಅವಳು ತಲೆ ತಗ್ಗಿಸಿದಳು. ಅತ್ತೆ ಅವಳನ್ನೇ ನೋಡಿದರು. ವಾರಕ್ಕೊಮ್ಮೆ ಬೇಗ ಬರುವ ಸೊಸೆ, ಕನ್ನಡಿ, ಈಚೆಗೆ ಬಿಟ್ಟ ಊಟ... ಎಲ್ಲ ಅವರ ಕಣ್ಣಿಗೂ ಬಿದ್ದಿತ್ತು.

"ಅಯ್ಯೋ ಹುಚ್ಚಿ. ನನ್ನ ಮಗ ಬೇಡ ಅಂದಿಲ್ಲ. ನಾನೂ ಬೇಡ ಅಂದಿಲ್ಲ. ನಾನು ಬರೀ ಹವಳ ಇಟ್ಟೆ ಕಣೆ, ಅಷ್ಟೇ."

ಎದ್ದು, ತಡೆದರೂ ಕೇಳದೆ ಮತ್ತೆ ಸ್ಟೂಲು ಹತ್ತಿ, ಆ ಹಸಿರು ಕವಲನ್ನು ತಾವೇ ಮೇಲಿನ ಕಲ್ಲಿನ ಮೇಲಿಟ್ಟರು. ಕೈ ಹೊರಗೆ ತೆಗೆಯಲು ಮಾತ್ರ ಅವರಿಗೆ ತುಂಬಾ ಹೊತ್ತು ಹಿಡಿಯಿತು.

"ಹೋಗು, ಅವನನ್ನ ಕರ್ಕೊಂಡು ಬಾ. ಇದನ್ನ ಅಂಟಿಸಿ ಹೋಗ್ಲಿ. ಇಲ್ಲಾಂದ್ರೆ ನಾಳೆ ನನ್ನ ಕೈ ಸುಮ್ನಿರಲ್ಲ."

ಅಂಗಡಿಯಲ್ಲಿ ಅವನು ಒಬ್ಬನೇ ಗಾಜು ಉಜ್ಜುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೆಳಗಿಟ್ಟ.

"ನಿನ್ನೆ ನಾನು ಹಾಗೆ ಕೇಳಬಾರದಿತ್ತು."

"ನೀವು ಬರ್ಲಿ ಅಂತ ನಾನು ಕಾಯ್ತಿದ್ದದ್ದು ನಿಜ," ಅವಳೆಂದಳು. "ಅದಕ್ಕೋಸ್ಕರ ಹವಳ ಕೀಳ್ಲಿಲ್ಲ."

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ. ಅದೊಂದಕ್ಕೇ ಅವಳ ಕಣ್ಣು ತುಂಬಿತು.

"ಅತ್ತೆಯನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ."

"ಬಿಟ್ಟು ಬನ್ನಿ ಅಂತ ನಾನು ಕೇಳಿದ್ನಾ?"

ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು. "ಮನೆ ಭಣಗುಡ್ತಿದೆ... ಇಷ್ಟು ದಿನ ನಾವು ಮೂರು ಜನ ಇದ್ವಿ. ಇವತ್ತಿಂದ ಇಬ್ರೇ."

ಅವನು ಅಂಟಿನ ಟ್ಯೂಬು ಜೇಬಿಗೆ ಹಾಕಿಕೊಂಡು, ದೀಪ ಆರಿಸಿ, ಅವಳ ಒಡೆದ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ.

"ನಾನು ಬರ್ಲಾ?"

"ಬನ್ನಿ," ಅಂದಳು. ಈ ಸಲ ಯಾರನ್ನೂ ಕೇಳಲಿಲ್ಲ.