ಬಿಜಲಿಯ ಲಾಯ

ಅಜ್ಜನ ಕಾಲದಿಂದಲೂ ಕುದುರೆ ಪಳಗಿಸುವುದೇ ನಮ್ಮ ಮನೆತನದ ಕಸುಬು. ಮುಗದದ ಹತ್ತಿರದ ಲಾಯದಲ್ಲಿ ನಾನು ರೇಸಿಗೆ ತಯಾರು ಮಾಡಿದ ಬಿಜಲಿ ಎಂಬ ಕುದುರೆಯ ಕಾಲು ಬಾತಿತ್ತು. ಓಡಿಸಬೇಡಿರೆಂದು ಕೈಮುಗಿದರೂ ಮಾಲೀಕ ಶಿವಯೋಗೀಶ ಓಡಿಸಿದ. ಅದು ಮೈದಾನದಲ್ಲೇ ಸತ್ತುಹೋಯಿತು.

ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಅವನು ಹೊಸ ಕುದುರೆಯ ಮಾತೆತ್ತಿಕೊಂಡು ಬಂದ. ನನ್ನ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಬಿಜಲಿಯ ಖಾಲಿ ಲಾಯದೊಳಗಿಂದ ಗೊರಸು ಕೆರೆಯುವ ಸದ್ದು ಬಂತು. ಉಳಿದ ಕುದುರೆಗಳು ಮೇವು ಜಗಿಯುವುದನ್ನು ನಿಲ್ಲಿಸಿದವು.

"ಗುರುಶಿದ್ದಪ್ಪ, ಒಳಗ ಯಾವ ಕುದರಿ ಐತಿ?" ಶಿವಯೋಗೀಶ ನನ್ನತ್ತ ತಿರುಗಿ ಕೇಳಿದ.

"ನೀವು ಕೊಂದದ್ದ ಐತ್ರಿ. ಹೋಗಿ ನೋಡ್ರಿ."

ನಗುತ್ತ ಒಳಹೊಕ್ಕವನು ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಹೊರಬಂದ. ಬಿಳಿ ಅಂಗಿಯ ಹೆಗಲ ಮೇಲೆ, ಹುಲ್ಲು ಜಗಿಯುವ ಕುದುರೆಯ ಬಾಯಿಂದ ಸುರಿಯುವಂಥ ಹಸಿರು ನೊರೆಯಿತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಒರೆಸಿಕೊಳ್ಳಲು ಬಟ್ಟೆ ಕೇಳಿದ. ನಾನು ಕೊಡಲಿಲ್ಲ.